ಇಂಟು ಮಾರ್ಕು

ಸ್ಕೋರ್ ಶೀಟಿನಲ್ಲಿ ಮೊದಲ ಐವರಿಗೆ
ಇಂಟು ಹಾಕಿ, ಅದರ ಸುತ್ತ ಕೆಂಪು ಸೊನ್ನೆ ಎಳೆಯುತ್ತಾರೆ.
ಬೆಂಚಿನಿಂದ ಎದ್ದು ಬಂದವರಿಗೆ ಬರೀ ಇಂಟು,
ಶಾಲೆಯಲ್ಲಿ ತಪ್ಪು ಲೆಕ್ಕಕ್ಕೆ ಹಾಕುತ್ತಾರಲ್ಲ, ಅದೇ.
ಹತ್ತೊಂಬತ್ತು ವರ್ಷ ನನ್ನ ಹೆಸರಿನೆದುರು ಅದೇ.

ಗೋಣಿಕೊಪ್ಪದಲ್ಲಿ ಹುಟ್ಟಿ ಹಾಕಿ ಆಡದವನನ್ನು
ಮದುವೆಮನೆಯಲ್ಲೂ ಪಕ್ಕಕ್ಕೆ ಕರೆದು ಕೇಳುತ್ತಾರೆ,
ಮೈಗೆ ಹುಷಾರಿಲ್ಲವಾ ಅಂತ.
ಒಕ್ಕದ ತಂಡಕ್ಕೆ ಹನ್ನೊಂದು ಜನ ಸಾಲದೆ
ಒಂದು ವರ್ಷ ಅರವತ್ತರ ದೊಡ್ಡಪ್ಪ ಗೋಲಿಗೆ ನಿಂತರು.
ಆರಡಿ ನಾಲ್ಕಿಂಚಿನ ನಾನು
ಬೇಲಿಯಾಚೆ ಕಿತ್ತಳೆ ಸುಲಿಯುತ್ತಿದ್ದೆ.
'ಕೈಯಲ್ಲಿ ಆಡೋದೂ ಒಂದು ಆಟವಾ, ಉತ್ತಯ್ಯ?'
ಹಾಕಿ ಬಗ್ಗುವ ಆಟ, ದೊಡ್ಡಪ್ಪ. ಸೊಂಟ ಹಿಡಿಯುತ್ತಿತ್ತು.
ಅಷ್ಟೇ ಕಾರಣ. ಕನಸು ಗಿನಸು ಏನಿಲ್ಲ.

ಹುಬ್ಬಳ್ಳಿಯಲ್ಲಿ ರೈಲ್ವೆಗೆ ಎರಡು ವರ್ಷ, ಕೆಲಸ ಖಾಯಂ ಆಗಲಿಲ್ಲ.
ಮಂಗಳೂರಿನ ಬ್ಯಾಂಕಿಗೆ ಒಂದು ಸೀಸನ್ನು,
ಆಮೇಲೆ ಆ ಬ್ಯಾಂಕೇ ಇನ್ನೊಂದು ಬ್ಯಾಂಕಿನ ಹೊಟ್ಟೆ ಸೇರಿತು.
ಕೊಯಮತ್ತೂರಿನ ಮಿಲ್ಲು. ಭಿಲಾಯಿಯ ಚಳಿ.
ಸಂಬಳವಿಲ್ಲ, ಟೂರ್ನಮೆಂಟಿಗೆ ಇಷ್ಟು ಅಂತ;
ಮೊದಲ ಸುತ್ತಲ್ಲೇ ಸೋತರೆ ಬಸ್ ಚಾರ್ಜು.
ಕೊಚ್ಚಿಯ ಕಸ್ಟಮ್ಸಿನವರು ಕೊಟ್ಟ ಜೆರ್ಸಿಯ ಬೆನ್ನಲ್ಲಿ
ಹಳಬನ ಹೆಸರಿತ್ತು: ವರ್ಗೀಸ್.
ಬಿಳಿ ಪ್ಲಾಸ್ಟರ್ ಅಂಟಿಸಿಕೊಂಡು ಇಳಿದೆ.
ಮೂರನೇ ಕ್ವಾರ್ಟರಿಗೆ ಬೆವರಿಗೆ ಪ್ಲಾಸ್ಟರು ಕಿತ್ತು
ಗ್ಯಾಲರಿಯಿಂದ ಯಾರೋ ಕೂಗಿದರು, ವರ್ಗೀಸ್, ಹೊಡಿ!
ಹೊಡೆದೆ. ಬಿತ್ತು.
ಆ ಎರಡು ಪಾಯಿಂಟು ಯಾರ ಖಾತೆಗೆ ಹೋಯಿತೋ
ಈಗಲೂ ಗೊತ್ತಿಲ್ಲ.

ನನ್ನ ಉದ್ಯೋಗ ಇಷ್ಟು:
ದೊಡ್ಡ ಆಟಗಾರ ನೀರು ಕುಡಿದು ಬರುವವರೆಗೆ
ನಾಲ್ಕು ನಿಮಿಷ ಗೋಡೆಯಾಗಿ ನಿಲ್ಲುವುದು,
ಅವನ ಪಾಲಿನ ಫೌಲು ನಾನು ಮಾಡುವುದು,
ಅವನು ಎದ್ದಾಗ ಟವೆಲು ಅವನಿಂದ ಇಸಿದುಕೊಂಡು
ಅವನು ಕೂತ ಬಿಸಿಯಲ್ಲೇ ಕೂರುವುದು.
ಕೊನೆಗೆ ಮಂಡಿ ಕೈಕೊಟ್ಟಿತು,
ಆಟದಲ್ಲಲ್ಲ, ಶೋರನೂರು ಸ್ಟೇಷನ್ನಿನ ಮೆಟ್ಟಿಲಲ್ಲಿ.

ಈಗ ಪಾಲಿಬೆಟ್ಟದ ಹತ್ತಿರ ತೋಟವೊಂದರ ಕಾಫಿ ಕಣವೇ ಕೋರ್ಟು.
ಜನವರಿಯಲ್ಲಿ ರೋಬಸ್ಟಾ ಹರಡಿದರೆ ನಮಗೆ ರಜೆ,
ಮೂರು ಪಾಯಿಂಟಿನ ಗೆರೆ ಹಣ್ಣಿನಡಿ ಮಲಗುತ್ತದೆ.
ಏಪ್ರಿಲ್ಲಿನಲ್ಲೂ ಸಿಮೆಂಟಿನ ಬಿರುಕಿನಿಂದ ಬೀಜವೊಂದು ಎದ್ದು
ಚೆಂಡು ಅದರ ಮೇಲೆ ಬಿದ್ದು ದಾರಿ ತಪ್ಪುತ್ತದೆ.
ಐದೂವರೆಗೆ ವಿಸಿಲ್. ಒಂದು ನಿಮಿಷ ಹೆಚ್ಚಿಲ್ಲ.
ಆರರ ಮೇಲೆ ಈ ದಾರಿ ಆನೆಗಳದ್ದು,
ಅವಕ್ಕೆ ಓವರ್‌ಟೈಮು ಗೊತ್ತಿಲ್ಲ.

ಮಕ್ಕಳೆಲ್ಲ ಲೈನ್‌ಮನೆಯವರು, ಹಾಡಿಯವರು.
ರಂಸೀನಳ ಎಡಗೈ ಚುರುಕು.
ಮುತ್ತಿಗೆ ಯಾವುದೂ ಚುರುಕಲ್ಲ. ಎಂಟು ತಿಂಗಳು ತಪ್ಪದೆ ಬಂದಳು.
ಬೇರೆಯವರ ಬಾಟಲಿಗೆ ನೀರು ತುಂಬಿದಳು.
ಅವಳತ್ತ ನಾನು ಹೆಚ್ಚು ನೋಡುತ್ತಿರಲಿಲ್ಲ,
ಕನ್ನಡಿಯನ್ನು ಯಾರು ಅಷ್ಟು ಹೊತ್ತು ನೋಡುತ್ತಾರೆ.

ಮೊನ್ನೆ ಕುಶಾಲನಗರದಲ್ಲಿ ಮ್ಯಾಚು.
ಎರಡು ನಿಮಿಷ ಉಳಿದಿತ್ತು, ಇಪ್ಪತ್ತೆರಡು ಪಾಯಿಂಟು ಹಿಂದೆ.
ಮುತ್ತಿ, ಹೋಗು ಅಂದೆ.
ಅವಳು ಹಿಂದೆ ತಿರುಗಿ ನೋಡಿದಳು,
ಇನ್ನೊಬ್ಬ ಮುತ್ತಿ ಇದ್ದಾಳೇನೋ ಅಂತ.
ಹೋದಳು. ಓಡಿದಳು. ಒಂದು ಸಲ ಚೆಂಡು ಕೈಗೆ ಬಂತು,
ಹಾವು ಬಂತೆಂಬಂತೆ ಪಕ್ಕದವಳಿಗೆ ದಾಟಿಸಿದಳು.

ಆಟ ಮುಗಿದ ಮೇಲೆ ಸ್ಕೋರ್ ಶೀಟು ಹಿಡಿದು ಬಂದಳು.
'ಸರ್, ನಂಗ್ಯಾಕೆ ತಪ್ಪು ಹಾಕಿದ್ದಾರೆ?
ನಾನು ಫೌಲೂ ಮಾಡಿಲ್ಲ.'
ಅದು ತಪ್ಪಲ್ಲ ಮಗು, ನೀನು ಆಡಿದ್ದಕ್ಕೆ ಗುರುತು ಅಂದೆ.
ಅವಳು ಪಕ್ಕದ ಕೆಂಪು ಸೊನ್ನೆಗಳನ್ನು ನೋಡಿದಳು,
ನನ್ನನ್ನು ನೋಡಿದಳು.
ನಂಬಿದಳು ಅಂತ ಹೇಳಲಾರೆ.

ನೆಲ್ಯಹುದಿಕೇರಿ ದಾಟುವಾಗ ಕತ್ತಲಾಗಿತ್ತು.
ಜೀಪಿನಲ್ಲಿ ತಲೆ ಎಣಿಸಿದೆ: ಹನ್ನೆರಡು. ಮತ್ತೆ ಎಣಿಸಿದೆ.
ಮುತ್ತಿ ನಿದ್ದೆ ಹೋಗಿದ್ದಳು, ಒಂದು ಶೂವಿನ ಲೇಸು ಬಿಚ್ಚಿ
ಇನ್ನೊಬ್ಬಳ ಕಾಲಿಗೆ ಸುತ್ತಿಕೊಂಡಿತ್ತು.
ಕಟ್ಟೋಣವೆಂದು ಬಗ್ಗಿದೆ.
ಸೊಂಟ ಹಿಡಿಯಿತು.